ಮಡಚೋಣ, ಬಿಚ್ಚೋಣ

ಅಕ್ಕಂದಿರೇ, ನಿಮ್ಮ ಮನೆಯಲ್ಲಿ ಕಾಗದ ಎಲ್ಲೆಲ್ಲಿ ಇದೆ? ಒಂದು ಸಲ ನೆನೆಸಿಕೊಳ್ಳಿ.

ಟ್ರಂಕಿನ ತಳದಲ್ಲಿ ಜಮೀನಿನ ಪಹಣಿ ಇದೆ. ಪ್ಲಾಸ್ಟಿಕ್ ಕವರಿನ ಒಳಗೆ ರೇಷನ್ ಕಾರ್ಡು ಇದೆ. ಗೋಡೆಯ ಮೊಳೆಗೆ ಕರೆಂಟ್ ಬಿಲ್ಲು ಚುಚ್ಚಿದೆ. ದೇವರ ಫೋಟೋ ಹಿಂದೆ ಸಾಲದ ಚೀಟಿ ಇದೆ. ಮಗಳ ಮಾರ್ಕ್ಸ್ ಕಾರ್ಡು, ಆಸ್ಪತ್ರೆಯ ಚೀಟಿ, ಮದುವೆಯ ಲಗ್ನಪತ್ರಿಕೆ. ಮನೆ ತುಂಬ ಕಾಗದವೇ.

ಆದರೆ ಈ ಕಾಗದಗಳನ್ನು ನಾವು ಹೆಂಗಸರು ಮುಟ್ಟುವುದು ಕಡಿಮೆ. ಮುಟ್ಟಿದರೂ ಭಯ. ಹರಿದು ಹೋದರೆ? ಒದ್ದೆ ಆದರೆ? ಯಾರಾದರೂ ಬೈದರೆ? ಅದಕ್ಕೇ ಮಡಚಿ ಮಡಚಿ ಒಳಗೆ ಇಟ್ಟುಬಿಡುತ್ತೇವೆ. ಬಿಚ್ಚಿ ನೋಡುವುದೇ ಇಲ್ಲ.

ಈ ಪಾಠ ಕಾಗದ ಮಡಚುವ ಪಾಠ. ಬಿಚ್ಚುವ ಪಾಠವೂ ಹೌದು.

ನಮ್ಮ ಅವ್ವನ ಹೆಬ್ಬೆಟ್ಟು

ಮೊದಲು ನಮ್ಮ ಮನೆಯದೇ ಒಂದು ಮಾತು ಹೇಳುತ್ತೇವೆ. ನಾವಾಗ ಸಣ್ಣವರು, ಮೂರನೇ ಕ್ಲಾಸು. ನಮ್ಮ ಅವ್ವನಿಗೆ ಓದು ಬರುತ್ತಿರಲಿಲ್ಲ. ಅಪ್ಪನಿಗೆ ಮೈ ಹುಷಾರಿರಲಿಲ್ಲ. ಅವ್ವ ಒಬ್ಬರ ಹತ್ತಿರ ಎರಡು ಸಾವಿರ ರೂಪಾಯಿ ಕೈಸಾಲ ತಂದಳು. ಸಾಲ ಕೊಟ್ಟವರು ಒಂದು ಕಾಗದ ತಂದರು. ಅದನ್ನು ಅರ್ಧಕ್ಕೆ ಮಡಚಿ ಹಿಡಿದಿದ್ದರು. ಕೆಳಗಿನ ಅರ್ಧ ಮಾತ್ರ ಕಾಣುತ್ತಿತ್ತು. "ಇಲ್ಲಿ ಒತ್ತಮ್ಮ" ಅಂದರು. ಅವ್ವ ಒತ್ತಿದಳು.

ಮೇಲಿನ ಅರ್ಧದಲ್ಲಿ ಏನಿತ್ತು? ಅದು ಗೊತ್ತಾಗಿದ್ದು ಒಂದು ವರ್ಷದ ಮೇಲೆ. ಎರಡು ಸಾವಿರದ ಜಾಗದಲ್ಲಿ ಐದು ಸಾವಿರ ಇತ್ತು. ಅವ್ವ ಹಾಲು ಮಾರುತ್ತಿದ್ದ ಹಸು ಆ ಸಾಲಕ್ಕೆ ಹೋಯಿತು. ಹಸು ಹಿಡಿದುಕೊಂಡು ಹೋದ ದಿನ ಅವ್ವ ಅಳಲಿಲ್ಲ. "ಆ ಕಾಗ್ದವ ಬಿಚ್ಚು ಅಂತ ಒಂದು ಮಾತು ಅನ್ನಲಿಲ್ವಲ್ಲ ನಾನು" ಅಂತ ಮಾತ್ರ ಅಂದಳು. ಆ ಮಾತು ನಮಗೆ ಇವತ್ತಿಗೂ ಮರೆತಿಲ್ಲ. ಓದು ಬರದಿದ್ದರೂ ಬಿಚ್ಚು ಅನ್ನಬಹುದಿತ್ತು. ಆದರೆ ಕಾಗದ ಹಿಡಿದವರ ಮುಂದೆ ಬಾಯಿ ಏಳುವುದಿಲ್ಲ.

ಕಲಿಸೋಕೆ ಹೋಗಿ ಕಲಿತೆವು

ನಮ್ಮ ಕಲಿಕಾ ಕೇಂದ್ರ ಇರುವುದು ಶಿವಪುರದಲ್ಲಿ. ಸಂಜೆ ಏಳಕ್ಕೆ ಶುರು. ದನ ಕಟ್ಟಿ, ಹಾಲು ಡೇರಿಗೆ ಹಾಕಿ, ಒಲೆ ಮೇಲೆ ಎಸರು ಇಟ್ಟು ಬರುವವರೇ ಹೆಚ್ಚು.

ಅಲ್ಲಿ ಹಿಂದಿನ ಸಾಲಿನಲ್ಲಿ ಒಬ್ಬ ಅಕ್ಕ ಕೂರುತ್ತಿದ್ದರು. ಕಬ್ಬಿನ ಗದ್ದೆಯ ಕೂಲಿ ಅವರದು. ಪೆನ್ನು ಹಿಡಿದರೆ ಕೈ ಬಿಗಿ ಆಗುತ್ತಿತ್ತು. 'ಅ' ಬರೆಯಲು ಹೋಗಿ ಕಾಗದವೇ ತೂತು. ಪಕ್ಕದವರು ನಕ್ಕರು. ನಾಲ್ಕು ದಿನ ಬಂದು ನಿಲ್ಲಿಸಿಬಿಟ್ಟರು. ನಾವು ಮನೆಗೆ ಹೋಗಿ ಕರೆದೆವು. "ನಂಗೇನ್ ಬತ್ತದೆ ಕಣ್ ಟೀಚರಮ್ಮ? ಕಳೆ ಕೀಳೋದು, ಸೋಗೆ ತರಿಯೋದು, ಅಷ್ಟೆಯ. ನನ್ನ ಬುಟ್ಬುಡಿ" ಅಂದರು.

ಒಂದು ದಿನ ನಾವು ಕೇಂದ್ರಕ್ಕೆ ಹಳೇ ನೋಟುಬುಕ್ಕಿನ ಹಾಳೆ ತಂದೆವು. ಕಾಗದದ ಕೈಕೆಲಸ ಹೇಳಿಕೊಡೋಣ, ಬೆರಳು ಸಡಿಲ ಆಗಲಿ ಅನ್ನುವುದು ನಮ್ಮ ಯೋಚನೆ. ಟೀಚರ್ ಟ್ರೈನಿಂಗಿನಲ್ಲಿ ದೋಣಿ, ಹಕ್ಕಿ, ಟೋಪಿ ಮಾಡುವುದು ಕಲಿತಿದ್ದೆವು. ನಮಗೆ ಬಲ್ಲೆವು ಅನ್ನುವ ಜಂಬ ಬೇರೆ.

ಆಗ ಒಬ್ಬರು ಕೇಳಿದರು: "ಟೀಚರಮ್ಮ, ಅಂಗಡೀಲಿ ಅರಿಶಿನದ ಪುಡಿಗೆ ಕಟ್ತಾರಲ್ಲ ಪೊಟ್ಟಣ, ಅಂಟೂ ಇಲ್ಲ ದಾರವೂ ಇಲ್ಲ, ಅದು ನಿಮಗೆ ಬತ್ತದಾ?"

ನಾವು ಮಡಚಿದೆವು. ಬಿಚ್ಚಿಕೊಂಡಿತು. ಮತ್ತೆ ಮಡಚಿದೆವು. ಮತ್ತೆ ಬಿಚ್ಚಿಕೊಂಡಿತು. ಎಲ್ಲರೂ ನಕ್ಕರು. ಈ ಸಲ ನಕ್ಕಿದ್ದು ನಮ್ಮನ್ನು ನೋಡಿ! ಕೇಳಿದ ಅಕ್ಕ ನಮ್ಮ ಕೈಯಿಂದ ಹಾಳೆ ಕಿತ್ತುಕೊಂಡು ನಾಲ್ಕೇ ಮಡಿಕೆಯಲ್ಲಿ ಪೊಟ್ಟಣ ಮಾಡಿದರು. ಒಂದು ತುದಿಯನ್ನು ಇನ್ನೊಂದರ ಒಳಗೆ ತೂರಿಸಿದರು. ತಲೆಕೆಳಗೆ ಹಿಡಿದು ಅಲ್ಲಾಡಿಸಿದರೂ ಬಿಚ್ಚಲಿಲ್ಲ.

ಆವತ್ತೇ ಒಂದು ಮಾತು ಆಯಿತು. ನಾವು ಒಂದು ಹೇಳಿಕೊಟ್ಟರೆ, ಕೇಂದ್ರದ ಅಕ್ಕಂದಿರು ಒಂದು ಹೇಳಿಕೊಡಬೇಕು. ಕಾಗದದ್ದೇ ಆಗಬೇಕು ಅಂತ ಇಲ್ಲ. ತಮಗೆ ಇಷ್ಟವಾದದ್ದು, ಕೈಯಲ್ಲಿ ಬರುವಂಥದ್ದು ಯಾವುದಾದರೂ ಸರಿ.

ಮಡಚುವುದು ನಮಗೆ ಹೊಸದಲ್ಲ

ಯೋಚನೆ ಮಾಡಿ. ಸೀರೆಗೆ ನಿರಿಗೆ ಹಿಡಿಯುವವರು ಯಾರು? ನಾವೇ. ಐದು ಬೆರಳಿನ ಅಳತೆಯಲ್ಲಿ ಒಂದರ ಮೇಲೆ ಒಂದು ಮಡಿಕೆ ಸಮನಾಗಿ ಕೂರುತ್ತದೆ. ಯಾವ ಸ್ಕೇಲೂ ಬೇಡ. ವೀಳ್ಯದೆಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಚಿ, ಲವಂಗ ಚುಚ್ಚುವುದು ಮಡಿಕೆಯ ಕೆಲಸವೇ. ಮುತ್ತುಗದ ಎಲೆ ಹಚ್ಚುವುದು, ಬಾಳೆ ಎಲೆಯ ದೊನ್ನೆ ಕಟ್ಟುವುದು, ಹಬ್ಬಕ್ಕೆ ಮಾವಿನ ತೋರಣ ಮಡಚಿ ಕಟ್ಟುವುದು, ಎಲ್ಲವೂ ಮಡಿಕೆಯೇ.

ಈ ಮಾತು ಊರಲ್ಲಿ ಹಬ್ಬಿತು. ಎರಡು ದಿನ ಬಿಟ್ಟು ಆ ಹಿಂದಿನ ಸಾಲಿನ ಅಕ್ಕ ಬಾಗಿಲಲ್ಲಿ ನಿಂತಿದ್ದರು. ಕಂಕುಳಲ್ಲಿ ಬಾಳೆ ಎಲೆಯ ಸುರುಳಿ. "ದೊನ್ನೆ ಕಟ್ಟೋದು ಬೇಕಾದ್ರೆ ಹೇಳ್ಕೊಡ್ತೀನಿ" ಅಂದರು. ಕೂತರು. ಎಲೆಯನ್ನು ಮೊದಲು ಬಿಸಿಗೆ ತೋರಿಸಬೇಕು, ಇಲ್ಲದಿದ್ದರೆ ಮಡಿಕೆಯಲ್ಲಿ ಸೀಳುತ್ತದೆ ಅಂದರು. ಅದು ನಮಗೂ ಗೊತ್ತಿರಲಿಲ್ಲ. ಅವರ ಬೆರಳು ಎಷ್ಟು ಮೆತ್ತಗೆ ಓಡುತ್ತಿತ್ತು! ಪೆನ್ನು ಹಿಡಿದ ಬೆರಳು ಇದೇನಾ ಅನ್ನಿಸಿತು. ಆವತ್ತು ಯಾರೂ ನಗಲಿಲ್ಲ. ಮಾರನೆ ದಿನದಿಂದ ಅವರು ಒಂದು ದಿನವೂ ತಪ್ಪಿಸಲಿಲ್ಲ.

ಜಪಾನಿನ ಕೊಕ್ಕರೆ, ನಮ್ಮ ಕೊಕ್ಕರೆ

ಕಾಗದ ಮಡಚುವ ಕಲೆಗೆ ಜಪಾನ್ ದೇಶದಲ್ಲಿ ಒರಿಗಾಮಿ ಅನ್ನುತ್ತಾರೆ. ಒರಿ ಅಂದರೆ ಮಡಚುವುದು. ಕಾಮಿ ಅಂದರೆ ಕಾಗದ. ಎರಡೂ ಸೇರಿ ಒರಿಗಾಮಿ. ಕತ್ತರಿ ಬೇಡ, ಗೋಂದು ಬೇಡ. ಒಂದು ಚೌಕದ ಹಾಳೆ ಸಾಕು. ಅಲ್ಲಿನವರಿಗೆ ತುಂಬ ಇಷ್ಟವಾದ ಮಡಿಕೆ ಎಂದರೆ ಉದ್ದ ಕತ್ತು, ಉದ್ದ ಕಾಲಿನ ಒಂದು ಹಕ್ಕಿ. ನಾವು ಅದನ್ನು ಕೊಕ್ಕರೆ ಅಂತಲೇ ಕರೆಯೋಣ. ಸಾವಿರ ಕಾಗದದ ಕೊಕ್ಕರೆ ಮಡಚಿದರೆ ಬೇಡಿಕೊಂಡದ್ದು ನಡೆಯುತ್ತದೆ ಎಂಬ ನಂಬಿಕೆ ಅಲ್ಲಿದೆ.

ಸಡಾಕೊ ಸಸಾಕಿ ಎಂಬ ಹುಡುಗಿ ಇದ್ದಳು. ಅವಳ ಊರು ಹಿರೋಷಿಮಾ. 1945ರ ಆಗಸ್ಟ್ 6ರಂದು ಅಮೆರಿಕದ ವಿಮಾನ ಆ ಊರಿನ ಮೇಲೆ ಅಣುಬಾಂಬು ಹಾಕಿತು. ಸಡಾಕೊಗೆ ಆಗ ಎರಡು ವರ್ಷ. ಅವಳು ಬದುಕಿಕೊಂಡಳು. ಬೆಳೆದಳು, ಶಾಲೆಗೆ ಹೋದಳು, ಓಟದಲ್ಲಿ ಮುಂದೆ ಇದ್ದಳು. ಆದರೆ ಬಾಂಬಿನ ವಿಷ ಮೈಯಲ್ಲಿ ಉಳಿದಿತ್ತು. 1955ರಲ್ಲಿ ರಕ್ತದ ಕ್ಯಾನ್ಸರ್ ಕಾಣಿಸಿತು. ಆಸ್ಪತ್ರೆಯ ಮಂಚದ ಮೇಲೆ ಕೂತು ಅವಳು ಕೊಕ್ಕರೆ ಮಡಚಲು ಶುರು ಮಾಡಿದಳು. ಒಳ್ಳೆ ಕಾಗದ ಸಿಗುತ್ತಿರಲಿಲ್ಲ. ಔಷಧಿ ಸುತ್ತಿ ಬಂದ ಕಾಗದದಲ್ಲೂ ಮಡಚಿದಳು. 1955ರ ಅಕ್ಟೋಬರ್ 25ರಂದು ತೀರಿಕೊಂಡಳು. ಆಗ ಹನ್ನೆರಡು ವರ್ಷ.

ಅವಳ ಜೊತೆಯ ಮಕ್ಕಳು ಸುಮ್ಮನಿರಲಿಲ್ಲ. ಊರೂರಿಂದ ಹಣ ಕೂಡಿಸಿದರು. 1958ರಲ್ಲಿ ಹಿರೋಷಿಮಾದ ಶಾಂತಿ ಉದ್ಯಾನದಲ್ಲಿ ಸ್ಮಾರಕ ನಿಂತಿತು. ಹುಡುಗಿಯೊಬ್ಬಳು ಎರಡೂ ಕೈ ಎತ್ತಿ ಕೊಕ್ಕರೆ ಹಿಡಿದಿದ್ದಾಳೆ. ಇವತ್ತಿಗೂ ದೇಶ ದೇಶದ ಮಕ್ಕಳು ಕಾಗದದ ಕೊಕ್ಕರೆ ಮಡಚಿ ಅಲ್ಲಿಗೆ ಕಳಿಸುತ್ತಾರೆ.

ಈ ಕತೆ ಹೇಳಿದ ದಿನ ಕೇಂದ್ರದಲ್ಲಿ ಸದ್ದೇ ಇಲ್ಲ. ಒಬ್ಬ ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು ಕೇಳಿದರು: "ಸಾವ್ರ ಮಡಚುದ್ರೂ ಮಗ ಉಳೀಲಿಲ್ವಾ?" ಇಲ್ಲ ಅಂದೆವು. ಅದಕ್ಕಿಂತ ಹೆಚ್ಚಿಗೆ ಏನು ಹೇಳಬೇಕೋ ನಮಗೂ ತಿಳಿಯಲಿಲ್ಲ.

ಆಗ ಇನ್ನೊಬ್ಬರು ಮಾತು ತೆಗೆದರು. ಅವರ ತವರು ಕೊಕ್ಕರೆ ಬೆಳ್ಳೂರು. ಅದು ನಮ್ಮ ಮದ್ದೂರು ತಾಲ್ಲೂಕಿನದೇ ಊರು. ಚಳಿಗಾಲ ಬಂದರೆ ಆ ಊರಿನ ಹುಣಸೆ ಮರ, ಆಲದ ಮರದ ತುಂಬ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ. ಮನೆಯ ಸೂರಿನ ಮೇಲೆಯೇ ಗೂಡು ಇದ್ದ ಹಾಗೆ. "ನಮ್ಮೂರಲ್ಲಿ ಹಕ್ಕಿ ಬಂತು ಅಂದ್ರೆ ಮಗಳು ಬಾಣಂತನಕ್ಕೆ ಬಂದಂಗೆ ಕಣಕ್ಕ. ಹೊಡೆಯಂಗಿಲ್ಲ, ಗೂಡು ಕೀಳಂಗಿಲ್ಲ. ಮೊಟ್ಟೆ ಇಟ್ಟು, ಮರಿ ಮಾಡ್ಕಂಡು, ಹಾರಿಸ್ಕಂಡು ಓಯ್ತವೆ" ಅಂದರು. ಹಕ್ಕಿಯ ಹಿಕ್ಕೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ ಎಂದೂ ಹೇಳಿದರು. 2007ರಲ್ಲಿ ಸರ್ಕಾರ ಆ ಊರನ್ನು ಸಮುದಾಯ ಮೀಸಲು ಎಂದು ಸಾರಿತು. ಜನ ಮತ್ತು ಹಕ್ಕಿ ಒಟ್ಟಿಗೆ ಇರುವ ಜಾಗ ಎಂದು ಅದರ ಅರ್ಥ. ಊರಿನವರು ಅದಕ್ಕೆ ಎಷ್ಟೋ ಮೊದಲಿನಿಂದ ಹಕ್ಕಿ ಕಾಯುತ್ತಾ ಬಂದವರು.

ನಾವು ಜಪಾನಿನ ಕೊಕ್ಕರೆ ಕೊಟ್ಟೆವು. ಅವರು ಬೆಳ್ಳೂರಿನ ಕೊಕ್ಕರೆ ಕೊಟ್ಟರು. ಕೊಕ್ಕರೆ ಮಡಚುವುದು ಮಾತ್ರ ಕಷ್ಟ. ಮಡಿಕೆ ಬಹಳ. ಮೊದಲ ದಿನ ಎಲ್ಲರದೂ ಕೋಳಿ ಹಾಗೆ ಆಯಿತು. ಅದಕ್ಕೇ ಈ ಪಾಠದಲ್ಲಿ ಸುಲಭದ್ದನ್ನು ಹೇಳುತ್ತೇವೆ.

ಕಾಗದದ ಬಟ್ಟಲು

ಸಂಕ್ರಾಂತಿಗೆ ಎಳ್ಳು ಬೀರುತ್ತೇವಲ್ಲ, ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆ, ಕಡಲೆಕಾಯಿ ಬೀಜ ಹಾಕಿ? ಈಗ ಎಲ್ಲರೂ ಪ್ಲಾಸ್ಟಿಕ್ ಕವರಿಗೆ ಹಾಕುತ್ತಾರೆ. ಹಬ್ಬದ ಮಾರನೆ ದಿನ ಆ ಕವರೆಲ್ಲ ಚರಂಡಿಯಲ್ಲಿ. ಅದರ ಬದಲು ಈ ಬಟ್ಟಲು ಮಾಡಿ. ಒಬ್ಬರು ಓದಿ, ಉಳಿದವರು ಮಡಚಿ.

ಒಂದು ಹಾಳೆ ತೆಗೆದುಕೊಳ್ಳಿ. ಬರೆದು ಮುಗಿದ ನೋಟುಬುಕ್ಕಿನದು ಅಭ್ಯಾಸಕ್ಕೆ ಸಾಕು. ತಿನ್ನುವುದು ಹಾಕಲು ಮಾತ್ರ ಬರೆಯದ ಹಾಳೆಯೇ ಬೇಕು. ಮದ್ದೂರು ವಡೆ ಕಟ್ಟಿಕೊಂಡು ಬಂದ ಕಾಗದ ಬೇಡ, ಎಣ್ಣೆಗೆ ಮಡಿಕೆ ನಿಲ್ಲುವುದಿಲ್ಲ!

ಹಾಳೆ ಉದ್ದ ಇರುತ್ತದೆ. ಚೌಕ ಮಾಡಬೇಕು. ಮೇಲಿನ ಒಂದು ಮೂಲೆಯನ್ನು ಓರೆಯಾಗಿ ಎಳೆದು ಎದುರಿನ ಉದ್ದ ಅಂಚಿನ ಮೇಲೆ ಕೂರಿಸಿ. ಕೆಳಗೆ ಒಂದು ಪಟ್ಟಿ ಉಳಿಯುತ್ತದೆ. ಅದನ್ನು ಮಡಚಿ ಹರಿದು ತೆಗೆಯಿರಿ. ಪಟ್ಟಿ ಬಿಸಾಡಬೇಡಿ, ಕೆಲಸ ಇದೆ.

ಈಗ ನಿಮ್ಮ ಮುಂದೆ ಮೂರು ಮೂಲೆಯ ಮಡಿಕೆ ಇದೆ. ಉದ್ದದ ಅಂಚು ನಿಮ್ಮ ಹೊಟ್ಟೆಯ ಕಡೆ ಇರಲಿ. ಚೂಪು ತುದಿ ಮೇಲೆ ಇರಲಿ.

ಎಡಗಡೆಯ ಮೂಲೆ ಹಿಡಿಯಿರಿ. ಅದನ್ನು ಬಲಗಡೆಯ ಓರೆ ಅಂಚಿಗೆ ತಂದು ಮುಟ್ಟಿಸಿ. ಎಲ್ಲಿಗೆ? ಅಂಚಿನ ನಡುವಿಗಿಂತ ಚೂರು ಮೇಲಕ್ಕೆ. ಮಡಚಿದ ಕಿವಿಯ ಮೇಲಂಚು ಹೊಸಿಲಿನ ಹಾಗೆ ಅಡ್ಡಕ್ಕೆ ನೆಟ್ಟಗೆ ಇರಬೇಕು. ಇದೊಂದೇ ನೋಡಿಕೊಳ್ಳಬೇಕಾದ ಜಾಗ. ಉಗುರಿನಿಂದ ಗೀರಿ.

ಬಲಗಡೆಯ ಮೂಲೆಯನ್ನೂ ಹಾಗೆಯೇ ಎಡಕ್ಕೆ ತನ್ನಿ. ಎರಡು ಕಿವಿ ಒಂದರ ಮೇಲೆ ಒಂದು ಕೂರುತ್ತದೆ.

ಮೇಲೆ ಚೂಪು ತುದಿ ಉಳಿದಿದೆ. ಅದು ಎರಡು ಪದರ. ಮುಂದಿನ ಪದರವನ್ನು ಮುಂದಕ್ಕೆ ಮಡಚಿ, ಹಿಂದಿನದನ್ನು ಹಿಂದಕ್ಕೆ ಮಡಚಿ. ಈಗ ಮೇಲಿನ ಬಾಯಿ ಬೆರಳಿನಿಂದ ಅಗಲಿಸಿ. ಬಟ್ಟಲು ಸಿದ್ಧ. ಗಟ್ಟಿ ಕಾಗದವಾದರೆ ನೀರನ್ನೂ ಒಂದು ಗಳಿಗೆ ಹಿಡಿಯುತ್ತದೆ.

ಮೊದಲನೆಯದು ಸೊಟ್ಟ ಆದರೆ ಬೇಜಾರು ಬೇಡ. ಬಿಚ್ಚಿ, ಮತ್ತೆ ಮಡಚಿ. ಬರೆದದ್ದು ತಪ್ಪಾದರೆ ಅಳಿಸಬೇಕು. ಮಡಚಿದ್ದು ತಪ್ಪಾದರೆ ಬಿಚ್ಚಿದರೆ ಸಾಕು.

ಗೆರೆ ಮತ್ತು ಬಾಣ

ಮಡಚುವುದನ್ನು ಹೀಗೆ ಮಾತಿನಲ್ಲಿ ಹೇಳುವುದು ಉದ್ದ ಆಗುತ್ತದೆ, ನೋಡಿದಿರಲ್ಲ. ಅಕಿರಾ ಯೋಶಿಜಾವಾ ಎಂಬ ಜಪಾನಿನವರು ಇದಕ್ಕೆ ಒಂದು ದಾರಿ ಮಾಡಿದರು. ಅವರು ಹುಟ್ಟಿದ್ದು 1911ರಲ್ಲಿ. ಬಡವರು. ಹುಡುಗರಿದ್ದಾಗಲೇ ಕಾರ್ಖಾನೆ ಕೆಲಸಕ್ಕೆ ಸೇರಿದವರು. ಮುಂದೆ ಮನೆ ಮನೆಗೆ ತಿಂಡಿ ಪದಾರ್ಥ ಮಾರಿಕೊಂಡೂ ಮಡಚುವುದು ಬಿಡಲಿಲ್ಲ. ಎಲ್ಲಿ ಮಡಚಬೇಕೋ ಅಲ್ಲಿ ತುಂಡು ಗೆರೆ, ಯಾವ ಕಡೆಗೆ ಮಡಚಬೇಕೋ ಆ ಕಡೆಗೆ ಬಾಣ, ಇಂಥ ಗುರುತುಗಳನ್ನು ಅವರು ರೂಢಿಗೆ ತಂದರು. ಈಗ ಲೋಕದ ಯಾವ ಭಾಷೆಯವರು ಬೇಕಾದರೂ ಆ ಗುರುತು ನೋಡಿ ಮಡಚುತ್ತಾರೆ. ಅದೂ ಒಂದು ಅಕ್ಷರಮಾಲೆ ಅನ್ನಿ. ಅವರು 2005ರಲ್ಲಿ ತೀರಿಕೊಂಡರು.

ನಮ್ಮ ದೇಶದವರೂ ಹಿಂದೆ ಬಿದ್ದಿಲ್ಲ. 1893ರಲ್ಲೇ ಟಿ. ಸುಂದರ ರಾವ್ ಎಂಬುವರು ಮದರಾಸಿನಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಕಾಗದ ಮಡಚಿಯೇ ರೇಖಾಗಣಿತ ಕಲಿಯುವುದು ಹೇಗೆ ಅನ್ನುವುದು ಅದರಲ್ಲಿದೆ. ನೀವು ಈಗ ತಾನೆ ಸ್ಕೇಲು ಇಲ್ಲದೆ ಚೌಕ ಮಾಡಿದಿರಲ್ಲ, ಅದೂ ರೇಖಾಗಣಿತವೇ.

ಅವರವರ ಇಷ್ಟ

ಕೇಂದ್ರದಲ್ಲಿ ಆಮೇಲೆ ಏನೇನು ಬಂತು ಅಂತ ಕೇಳುತ್ತೀರಾ? ಒಬ್ಬರು ಅಳಗುಳಿ ಮಣೆ ತಂದರು. ಹುಣಸೆ ಬೀಜ ಹಾಕಿ ಆಡುತ್ತಾ ಆಡುತ್ತಾ ಲೆಕ್ಕ ಬಂತು. ಒಬ್ಬರು ಸೋಬಾನೆ ಪದ ಹೇಳಿದರು, ನಾವು ಬರೆದುಕೊಂಡೆವು. ಅವರ ಬಾಯಿಂದ ಬಂದ ಪದವನ್ನು ಅವರೇ ಮಾರನೆ ದಿನ ಓದಿದರು. ಚುಕ್ಕಿ ರಂಗೋಲಿ ಹಾಕಿದವರಂತೂ ಲೆಕ್ಕವೇ ಇಲ್ಲ.

ಎಂಬತ್ತು ದಾಟಿದ ಒಬ್ಬ ಅಜ್ಜಿ ಬರುತ್ತಾರೆ. ಅವರಿಗೆ ಇಷ್ಟವಾದದ್ದು ನಮ್ಮೂರಿನ ಸತ್ಯಾಗ್ರಹ ಸೌಧ. "ನಮ್ಮಪ್ಪ ಆ ಸಭೆಗೆ ಓಗಿದ್ದ" ಅನ್ನುವುದೇ ಅವರಿಗೆ ಹಬ್ಬ. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ಟಿ. ಸಿದ್ಧಲಿಂಗಯ್ಯನವರು ಅಧ್ಯಕ್ಷರು. ಧ್ವಜ ಹಾರಿಸಬಾರದು ಎಂದು ಆಗಿನ ಸರ್ಕಾರ ತಡೆ ಹಾಕಿತ್ತು. ತಡೆ ಮೀರಿ ಧ್ವಜ ಹಾರಿಸಿದರು, ಬಂಧನಕ್ಕೆ ಒಳಗಾದರು. ಅದೇ ಶಿವಪುರ ಧ್ವಜ ಸತ್ಯಾಗ್ರಹ. ಆಗಿನ ಧ್ವಜದ ನಡುವೆ ಚರಕ ಇತ್ತು. ಈಗಿನದರಲ್ಲಿ ಅಶೋಕ ಚಕ್ರ ಇದೆ.

ಅಜ್ಜಿಯ ಮಾತಿಗೆ ನಾವು ಒಂದು ಮಡಿಕೆ ಸೇರಿಸಿದೆವು. ಧ್ವಜ ಮಡಚುವುದಕ್ಕೂ ಕ್ರಮ ಇದೆ. ಕೇಸರಿ ಪಟ್ಟಿ, ಹಸಿರು ಪಟ್ಟಿ ಎರಡನ್ನೂ ಬಿಳಿ ಪಟ್ಟಿಯ ಅಡಿಗೆ ಮಡಚಬೇಕು. ಆಮೇಲೆ ಎರಡು ಕಡೆಯಿಂದ ಮಡಚಿಕೊಂಡು ಬರಬೇಕು. ಕೊನೆಗೆ ಚಕ್ರ ಮೇಲೆ ಕಾಣಬೇಕು. ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಒಯ್ಯಬೇಕು. ಅಜ್ಜಿ ಕಾಗದದ ಬಾವುಟವನ್ನು ಹಾಗೇ ಮಡಚಿ ಎರಡೂ ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದರು.

ಎಲ್ಲರಿಗೂ ಇದು ಹಿಡಿಸಿತು ಅಂತಲ್ಲ. "ವಯಸ್ಸಾದೋರು ಕಾಗ್ದದಾಟ ಆಡಕ್ಕೆ ಓಯ್ತಾವೆ" ಅಂತ ಜಗಲಿಯ ಮೇಲೆ ಕೂತವರು ಆಡಿಕೊಂಡರು. ಜಗಲಿಯ ಮೇಲೆ ಇಸ್ಪೀಟು ಆಡುತ್ತಾರಲ್ಲ, ಅದೂ ಕಾಗದದ ಆಟವೇ ಅಂತ ಒಬ್ಬ ಅಕ್ಕ ತಿರುಗಿ ಅಂದರಂತೆ. ನಾವು ಆ ಜಗಳಕ್ಕೆ ಹೋಗಲಿಲ್ಲ.

ಬಿಚ್ಚಿ ಓದಿದ ಅಕ್ಕ

ದೊನ್ನೆ ಕಟ್ಟಿದ ಆ ಅಕ್ಕ ಈಗ ಕೂಡಿಸಿ ಓದುತ್ತಾರೆ. ನಿಧಾನ, ಆದರೆ ಬಿಡುವುದಿಲ್ಲ. ಅವರ ಸಂಘದಿಂದ ಇಪ್ಪತ್ತು ಸಾವಿರ ರೂಪಾಯಿ ಸಾಲ ಮಂಜೂರಾಯಿತು. ಸಹಿ ಹಾಕಿಸಲು ಒಬ್ಬರು ಅರ್ಜಿ ತಂದರು. ಅರ್ಜಿ ಮಡಚಿತ್ತು. ಸಹಿಯ ಜಾಗ ಮಾತ್ರ ಮೇಲೆ. "ಬೇಗ ಹಾಕಮ್ಮ, ಇನ್ನೂ ಹತ್ತು ಮನೆ ಇದೆ" ಅಂದರಂತೆ.

ಅಕ್ಕ ಕಾಗದ ಕೈಗೆ ತೆಗೆದುಕೊಂಡರು. ಮಡಿಕೆ ಬಿಚ್ಚಿದರು. ನೆಲದ ಮೇಲೆ ಹಾಸಿ, ಬೆರಳು ಇಟ್ಟು ಓದಿದರು. ಬಂದವರು ಎರಡು ಸಲ ಗಡಿಯಾರ ನೋಡಿದರು. ಅಕ್ಕ ತಲೆ ಎತ್ತಲಿಲ್ಲ. ಕಂತು ಎಷ್ಟು, ಬಡ್ಡಿ ಎಷ್ಟು ಅನ್ನುವ ಜಾಗದಲ್ಲಿ ಮಗಳನ್ನು ಕರೆದು ಕೇಳಿದರು. ಆಮೇಲೆ ಸಹಿ ಹಾಕಿದರು.

ನಾವು ಕೇಳಿದೆವು, ಏನಾದರೂ ತಪ್ಪಿತ್ತಾ ಅಕ್ಕ ಅಂತ.

"ಏನೂ ಇರ್ನಿಲ್ಲ ಕಣ್ ಟೀಚರಮ್ಮ, ಎಲ್ಲಾ ಸರಿಯಾಗೇ ಇತ್ತು. ಆದ್ರೂ ಓದ್ದೆ" ಅಂದರು.

ನೀವೂ ಮಾಡಿ

ಓದಿ, ಬರೆಯಿರಿ: ಮಡಿಕೆ. ಪೊಟ್ಟಣ. ದೊನ್ನೆ. ಬಟ್ಟಲು. ಕೊಕ್ಕರೆ. ಧ್ವಜ. ಸಹಿ.

ನಿಮಗೆ ಕೈಯಲ್ಲಿ ಬರುವ ಒಂದು ಕೆಲಸದ ಹೆಸರು ಬರೆಯಿರಿ. ಅದನ್ನು ನಿಮಗೆ ಯಾರು ಕಲಿಸಿದರು? ಅವರ ಹೆಸರೂ ಬರೆಯಿರಿ.

ಟ್ರಂಕಿನಲ್ಲಿರುವ ಒಂದು ಕಾಗದ ಹೊರಗೆ ತೆಗೆಯಿರಿ. ಬಿಚ್ಚಿ, ನಿಮ್ಮ ಹೆಸರು ಎಲ್ಲಿದೆ ಹುಡುಕಿ. ಹೆಸರು ಸರಿಯಾಗಿ ಬರೆದಿದ್ದಾರಾ ನೋಡಿ.

ಹರಿದು ಇಟ್ಟ ಪಟ್ಟಿ ನೆನಪಿದೆಯಾ? ಎಳ್ಳು ಬೆಲ್ಲದ ಬಟ್ಟಲು ಯಾರ ಮನೆಗೆ ಹೋಗಬೇಕೋ ಅವರ ಹೆಸರನ್ನು ಆ ಪಟ್ಟಿಯ ಮೇಲೆ ಬರೆಯಿರಿ. ಕೆಳಗೆ ನಿಮ್ಮ ಹೆಸರು ಬರೆಯಿರಿ. ಬಟ್ಟಲಿನ ಒಳಗೆ ಇಟ್ಟು ಕೊಡಿ.